ಹಲ್ಲಕ್ಕ ಐಸ್‌ಲ್ಯಾಂಡಿಕ್ ಕಲಿತದ್ದು (ನಾನು ಕಲಿಸಿದ್ದಲ್ಲ)

೧

ಹೇಗೆ ಶುರುಮಾಡಲಿ, ನೀವೇ ಹೇಳಿ. ಈ ಕಥೆಯ ಮೊದಲ ವಾಕ್ಯವನ್ನು ನಾಲ್ಕು ಸಾವಿರ ಸಲ ಬರೆದು ಹೊಡೆದುಹಾಕಿದ್ದೇನೆ. (ಸರಿ, ಆರು ಸಲ. ಆದರೆ ನನ್ನ ಆರು ಬೇರೆ ಲೇಖಕರ ನಾಲ್ಕು ಸಾವಿರಕ್ಕೆ ಸಮ.) "ಕಿಟಕಿಯಾಚೆ ಹಿಮ ಬೀಳುತ್ತಿತ್ತು" ಅಂತ ಬರೆದೆ. ನಾನು ಹಿಮ ಕಂಡಿರುವುದು ಫ್ರಿಜ್ಜಿನಲ್ಲಿ ಮಾತ್ರ. ಹೊಡೆದುಹಾಕಿದೆ. "ತಂಗಿ ತೀರಿಕೊಂಡ ಸುದ್ದಿ ಬಂದಾಗ ಆಕೆ ಮೇಣ ಕರಗಿಸುತ್ತಿದ್ದಳು" ಅಂತ ಬರೆದೆ. ಇದು ನಿಜ. ನಿಜ ನನ್ನ ಶೈಲಿಗೆ ಒಗ್ಗುವುದಿಲ್ಲ. ಅದನ್ನೂ ಹೊಡೆದುಹಾಕಿದೆ.

ಆದ್ದರಿಂದ ನನ್ನ ಹಲ್ಲಿನಿಂದಲೇ ಶುರುಮಾಡುತ್ತೇನೆ.

೨

ನನ್ನ ಮುಂದಿನ ಹಲ್ಲು ಮುರಿಯಿತು. ಸಿಂಹದ ಜೊತೆ ಕುಸ್ತಿಯಲ್ಲಿ. (ಪೆನ್ನಿನ ಕ್ಯಾಪು ಕಚ್ಚಿ.) ಹೊಸ ಹಲ್ಲಿಗೆ ಬಣ್ಣ ಹೊಂದಿಸಿಕೊಂಡು ಬನ್ನಿ ಅಂತ ಡಾಕ್ಟರು ಲ್ಯಾಬಿಗೆ ಕಳಿಸಿದರು. ಲ್ಯಾಬೆಂದರೆ ಮೆಟ್ಟಿಲ ಕೆಳಗಿನ ಒಂದೇ ಕೋಣೆ. ಸ್ವಿಚ್ಚು, ಕುರ್ಚಿ, ಕ್ಯಾಲೆಂಡರು, ಎಲ್ಲದರ ಮೇಲೂ ಪ್ಲಾಸ್ಟರಿನ ಬಿಳಿ ಧೂಳು. ಶೆಲ್ಫಿನ ತುಂಬ ನಂಬರು ಬರೆದ ಪ್ಲಾಸ್ಟರ್ ದವಡೆಗಳು, ಒಂದೂ ಮಾತಾಡದೆ ಬಾಯಿ ತೆರೆದುಕೊಂಡು ನನ್ನನ್ನೇ ನೋಡುತ್ತಿದ್ದವು. ಅಷ್ಟು ಒಳ್ಳೆಯ ಸಭಿಕರು ನನಗೆ ಇನ್ನೆಲ್ಲೂ ಸಿಕ್ಕಿಲ್ಲ.

ಹತ್ತೊಂಬತ್ತು ವರ್ಷದಿಂದ ಅಲ್ಲಿ ಕೂತು ಕಟ್ಟುಹಲ್ಲು ಮಾಡುವಾಕೆಗೆ ಎಲ್ಲರೂ ಹಲ್ಲಕ್ಕ ಅನ್ನುತ್ತಾರೆ. ಬಣ್ಣದ ಪಟ್ಟಿಯನ್ನು ನನ್ನ ತುಟಿಗೆ ಹಿಡಿದು, "ಚಹಾ ಬಿಡಿ," ಅಂದಳು. ಅಷ್ಟೇ ತೀರ್ಪು. ಪಟ್ಟಿ ತೆಗೆದ ಕೂಡಲೇ ನನ್ನ ಬಾಯಿ ಸುಮ್ಮನಿರಲಾರದೆ, ನನಗೆ ಹನ್ನೊಂದು ಭಾಷೆ ಬರುತ್ತದೆ ಎಂದುಬಿಟ್ಟಿತು.

"ಐಸ್‌ಲ್ಯಾಂಡಿಕ್ ಬರುತ್ತಾ?"

"ನೀರು ಕುಡಿದಷ್ಟು ಸಲೀಸು."

"ಹಾಗಾದ್ರೆ ಕಲಿಯೋಕೆ ಪುಸ್ತಕಗಿಸ್ತಕ ಏನಿದೆಯೋ ಹುಡುಕಿಕೊಡಿ. ಅಲ್ಲೀವರೆಗೂ ನಿಮ್ಮ ಹಲ್ಲು ನನ್ನ ಹತ್ರಾನೇ ಇರುತ್ತೆ."

೩

ಈಗ ಸ್ವಲ್ಪ ಹೊತ್ತು ಉತ್ಪ್ರೇಕ್ಷೆ ಬಂದ್. (ಕಷ್ಟ. ಸಹಕರಿಸಿ.)

ಹಲ್ಲಕ್ಕನ ತಂಗಿ ಐಸ್‌ಲ್ಯಾಂಡಿಗೆ ಹೋಗಿ ಅಲ್ಲಿಯವನನ್ನೇ ಮದುವೆಯಾದಳು. ಒಬ್ಬಳು ಮಗಳು. ಆ ಮಗುವನ್ನು ಅಲ್ಲಿಯ ಮಾತಿನಲ್ಲೇ ಬೆಳೆಸಿದಳು. ಇದಕ್ಕಾಗಿ ಅಕ್ಕ-ತಂಗಿ ಜಗಳವಾಡಿದ್ದೂ ಉಂಟು. ನಾಲ್ಕು ತಿಂಗಳ ಹಿಂದೆ ತಂಗಿ ತೀರಿಕೊಂಡಳು. ಮಗುವಿಗೆ ಆರು ವರ್ಷ. ಭಾನುವಾರ ಮಧ್ಯಾಹ್ನ ತಂಗಿಯ ಗಂಡ ಫೋನನ್ನು ಮಗುವಿನ ಮುಂದೆ ಇಡುತ್ತಾನೆ. ಈ ಕಡೆ ದೊಡ್ಡಮ್ಮ ಕೈ ಬೀಸುತ್ತಾಳೆ, ಆ ಕಡೆ ಮಗು ಬೀಸುತ್ತದೆ. ಅಷ್ಟೇ ಸಂಭಾಷಣೆ.

ಒಂದು ಭಾನುವಾರ ಹಲ್ಲಕ್ಕ ತಂಗಿಯ ಬಾಲ್ಯದ ಫೋಟೊ ಹಿಡಿದು, "ಪುಟ್ಟೀ, ನೋಡು, ಅಮ್ಮ! ನಿನ್ನ ಅಮ್ಮ!" ಎಂದಳು. ಮಗು ಹುಬ್ಬು ಗಂಟಿಕ್ಕಿ "ನೇಯ್" ಎಂದಿತು. ಅಲ್ಲ ಅಂತ. ಇವಳು ಇನ್ನೂ ಜೋರಾಗಿ "ಅಮ್ಮ!" ಎಂದಳು. ಮಗು ಅಳುತ್ತಾ ಫೋನೇ ಕಟ್ ಮಾಡಿತು.

ಸಂಜೆ ತಂಗಿಯ ಗಂಡನ ಇಂಗ್ಲಿಷ್ ಮೆಸೇಜು: ಮಗುವಿಗೆ ಇದು ಹಿಂಸೆಯಾಗುತ್ತಿದೆ, ಆರು ವಾರ ಬಿಟ್ಟು ಇನ್ನೊಂದೇ ಸಲ ನೋಡೋಣ, ಆಗಲೂ ಹೀಗೇ ಆದರೆ ನಿಲ್ಲಿಸಿಬಿಡೋಣ.

"ಹೆತ್ತವಳನ್ನೇ ಅಲ್ಲ ಅಂತಲ್ರೀ ಮಗು," ಅಂದಳು ಹಲ್ಲಕ್ಕ. "ಯಾಕೆ ಅಂತ ಅದರ ಮಾತಲ್ಲೇ ಕೇಳ್ಬೇಕು ನಾನು."

ಆರು ವಾರ. ಒಂದು ಭಾಷೆ.

೪

(ಈ ಭಾಗವನ್ನು ತೆಗೆಯಲು ಬಹಳ ಪ್ರಯತ್ನಪಟ್ಟೆ.)

ನಾನು ಇಡೀ ಭೂಮಂಡಲವನ್ನು ಜಾಲಾಡಿ, ಇನ್ನೂರ ಹನ್ನೆರಡು ಪುಟದ ಪಿಡಿಎಫ್ ಕಳಿಸಿದೆ. ಹಲ್ಲಕ್ಕ ಅದನ್ನು ಪ್ರಿಂಟ್ ಹಾಕಿಸಿ, ಮೇಣ ಕರಗಿಸುವ ಬರ್ನರ್ ಮೇಲಿನ ಗೋಡೆಗೆ ಅಂಟಿಸಿ, ಮೂರು ದಿನ ಗಟ್ಟಿಯಾಗಿ ಉರುಹೊಡೆದಳು. ನಾಲ್ಕನೆಯ ದಿನ ಫೋನು.

"ಸಾರ್, ಇದು ಐರಿಶ್."

"ಎರಡೂ 'ಐ'ಯಿಂದಾನೇ ಶುರುವಾಗೋದಲ್ವಾ..."

"ಲೇಖಕರೇ, ನೀವೂ 'ಲೇ'ಯಿಂದ ಶುರುವಾಗ್ತೀರಿ, ಲೇವಡಿನೂ 'ಲೇ'ಯಿಂದ ಶುರುವಾಗುತ್ತೆ. ಇದನ್ನ ಕಥೇಲಿ ಹಾಕ್ತೀರಾ?"

"ಇಲ್ಲ."

"ಹಾಕಿ. ಇಲ್ಲಾಂದ್ರೆ ನಿಮ್ಮ ಹಲ್ಲು ಹಳದಿ ಮಾಡ್ತೀನಿ."

ಹಾಕಿದ್ದೇನೆ.

೫

ಅಲ್ಲಿಂದಾಚೆ ಹುಡುಕಿದ್ದೆಲ್ಲ ಅವಳೇ. ಭಾಷೆ ಕಲಿಯಲು ಊರೆಲ್ಲ ಬಳಸುವ ಆ್ಯಪಿನಲ್ಲಿ ಐಸ್‌ಲ್ಯಾಂಡಿಕ್ ಇಲ್ಲವೇ ಇಲ್ಲ. ಲೈಬ್ರರಿಯವರು ಕಂಪ್ಯೂಟರ್ ನೋಡಿ, "ಐಸ್‌ಕ್ರೀಮ್ ಇದೆ, ಕೊಡ್ಲಾ?" ಅಂದರಂತೆ. ಹಲ್ಲಕ್ಕ ಸೋಲಲಿಲ್ಲ. ಕೊನೆಗೆ ಆ ದೇಶದ ವಿಶ್ವವಿದ್ಯಾಲಯದ್ದೇ ಉಚಿತ ಆನ್‌ಲೈನ್ ಕೋರ್ಸ್ ಸಿಕ್ಕಿತು. ಒಂದೊಂದು ಪದದ ಎಲ್ಲ ರೂಪಗಳನ್ನೂ ಪಟ್ಟಿಮಾಡಿಟ್ಟ ವೆಬ್‌ಸೈಟ್ ಸಿಕ್ಕಿತು. ಆಮೇಲೆ ಅಲ್ಲಿಯ ಮಕ್ಕಳ ರೇಡಿಯೊ. ಅದನ್ನು ಕಿವಿಗೆ ಸಿಕ್ಕಿಸಿಕೊಂಡು, ಅರ್ಥವಾಗಲಿ ಬಿಡಲಿ, ದಿನವಿಡೀ ಬಾಚಿಹಲ್ಲು ಉಜ್ಜುತ್ತಿದ್ದಳು.

ಆ ವೆಬ್‌ಸೈಟ್ ಇಣುಕಿ, ನಾನು ವ್ಯಾಕರಣದ ಭಯ ಹುಟ್ಟಿಸಲು ನೋಡಿದೆ. "ಅಲ್ಲಿ ಒಂದು ಕುದುರೆಗೆ ನಾಲ್ಕು ರೂಪ: ಹೆಸ್ತುರ್, ಹೆಸ್ತ್, ಹೆಸ್ತಿ, ಹೆಸ್ತ್ಸ್."

"ನಾಲ್ಕೇನಾ? ನಾವು ಸ್ಕೂಲಲ್ಲಿ ಏಳು ವಿಭಕ್ತಿ ಬೈಸಿಕೊಂಡು ಕಲಿತಿಲ್ವಾ? ಇದು ಡಿಸ್ಕೌಂಟ್ ಸಾರ್."

ನಾಲಿಗೆಯನ್ನು ಹಲ್ಲುಗಳ ನಡುವೆ ತಂದು ಗಾಳಿ ಬಿಡುವ ಆ 'ಥ' ನನಗೆ ಒಲಿಯಲಿಲ್ಲ. (ಮುಂದಿನ ಹಲ್ಲಿಲ್ಲವಲ್ಲ, ಅದಕ್ಕೆ.) ಹಲ್ಲಕ್ಕ ಶೆಲ್ಫಿನಿಂದ ೩೧೭ನೇ ನಂಬರಿನ ದವಡೆ ತೆಗೆದು, ಕೆಂಪು ಮೇಣದಲ್ಲಿ ಒಂದು ನಾಲಿಗೆ ಮಾಡಿ ಒಳಗಿಟ್ಟು, ಎಲ್ಲಿ ತಾಗಬೇಕು, ಎಲ್ಲಿ ತಾಗಬಾರದು ಅಂತ ನೋಡಿಕೊಂಡಳು. ಎರಡೇ ದಿನ. ಬಂದೇಬಿಟ್ಟಿತು.

೬

ಮೂರನೆಯ ವಾರ, ಕೋರ್ಸಿನಲ್ಲಿ ಕುಟುಂಬದ ಪಾಠ. ನಾನು ಅಲ್ಲೇ ಇದ್ದೆ, ಹಲ್ಲು ಕೇಳಲು ಹೋಗಿದ್ದೆ. ಪರದೆಯ ಮೇಲೆ ಬೆಳ್ಳನೆ ಕೂದಲಿನ ಮುದುಕಿಯ ಚಿತ್ರ. ಹಲ್ಲಕ್ಕ ಅದನ್ನು ಮುಟ್ಟಿದಳು. ಫೋನು ಸ್ಪಷ್ಟವಾಗಿ ಹೇಳಿತು: "ಅಮ್ಮ."

ಇನ್ನೊಮ್ಮೆ ಮುಟ್ಟಿದಳು. "ಅಮ್ಮ."

ಪಕ್ಕದ ಎಳೆಯ ಹೆಂಗಸಿನ ಚಿತ್ರ ಮುಟ್ಟಿದಳು. "ಮಮ್ಮಾ."

ಮೇಣದ ಚಾಕು ಕೆಳಗೆ ಬಿತ್ತು.

"ಸಾರ್, ಅಲ್ಲಿ ಅಮ್ಮ ಅಂದ್ರೆ ಅಜ್ಜಿ ಕಣ್ರೀ! ಪುಟ್ಟ ಹುಡುಗಿ ಫೋಟೊ ತೋರಿಸಿ, ಇದು ನಿನ್ನ ಅಜ್ಜಿ, ಅಜ್ಜಿ ಅಂತ ಗಂಟಲು ಹರಕೊಂಡಿದ್ದೀನಿ. ಅಲ್ಲ ಅನ್ನದೆ ಇನ್ನೇನು ಅನ್ನುತ್ತೆ ಮಗು?"

ಆಮೇಲೆ ಅವಳು ಏಳು ಸಮುದ್ರ ತುಂಬುವಷ್ಟು ಅತ್ತಳು.

"ಅಳಲಿಲ್ಲ. ಹೊಡೆದುಹಾಕಿ ಅದನ್ನ. ಮೂಗು ಒರೆಸಿಕೊಂಡೆ, ಪ್ಲಾಸ್ಟರ್ ಧೂಳಿಗೆ," ಅಂತ ಇದನ್ನು ಓದಿದ ಹಲ್ಲಕ್ಕ.

"ಸರಿ ಬಿಡಿ, ಸಮಸ್ಯೆ ಮುಗೀತಲ್ಲ," ಅಂದೆ ಆಗ ನಾನು. " ನಿಮ್ಮ ತಂಗಿ ಗಂಡನಿಗೆ ಒಂದು ಮೆಸೇಜ್ ಹಾಕಿ, ಅವನೇ ಮಗೂಗೆ ಹೇಳ್ತಾನೆ. ಕಥೆನೂ ಮುಗೀತು."

"ಅವನು ಹೇಳಿದ್ರೆ ಅದು ಅವನ ಮಾತಾಗುತ್ತೆ. ತಪ್ಪು ಹೇಳಿದ್ದು ಈ ಬಾಯಿ. ಸರಿ ಹೇಳೋದೂ ಇದೇ ಬಾಯಿ."

೭

ಎರಡು ವಾಕ್ಯ ತಯಾರಾದವು. "ಥೆಹ್ತಾ ಎರ್ ಮಮ್ಮಾ ಥೀನ್." ಇದು ನಿನ್ನ ತಾಯಿ. "ಯೆಗ್ ಎರ್ ಸಿಸ್ತಿರ್ ಹೆನ್ನಾರ್." ನಾನು ಅವಳ ಅಕ್ಕ.

ನಾನು ಪಂಡಿತನಲ್ಲವೇ, ಸುಮ್ಮನಿರುವುದು ಹೇಗೆ? "ಎರ್ ಅಂದ್ರೆ ವರ್ತಮಾನ. ಆಕೆ ಈಗ ಇಲ್ಲ. 'ವಾರ್' ಅನ್ನಬೇಕು, ಭೂತಕಾಲ. ಅಕ್ಕ ಆಗಿದ್ದೆ ಅಂತ."

ಹಲ್ಲಕ್ಕ ಬರ್ನರ್ ಆರಿಸಿದಳು.

"ಅಕ್ಕ ಆಗಿದ್ದೆ ಅಂತ ಯಾರಾದ್ರೂ ಹೇಳ್ತಾರೇನ್ರೀ?"

'ವಾರ್' ಅನ್ನು ಹನ್ನೊಂದು ಭಾಷೆಯಲ್ಲೂ ಹೊಡೆದುಹಾಕಿದೆ. (ಸರಿ, ಎರಡರಲ್ಲಿ. ನನಗೆ ಬರುವುದು ಎರಡೇ.)

೮

ಮುಕ್ತಾಯಗಳು ಸ್ಟಾಕಿನಲ್ಲಿವೆ, ಆರಿಸಿಕೊಳ್ಳಿ.

ಕ) ಮಗು "ಮಮ್ಮಾ!" ಎಂದು ಪರದೆಗೆ ಮುತ್ತಿಡುತ್ತದೆ. ವಯಲಿನ್.

"ವಯಲಿನ್ ಯಾರು ನುಡಿಸ್ತಾರೆ, ಪಕ್ಕದ ಮನೆ ಮಿಕ್ಸಿನಾ?" ಅಂತ ಹಲ್ಲಕ್ಕ.

ಖ) ನೆಟ್ ಹೋಗುತ್ತದೆ. ಬದುಕು ಹೀಗೇ. ವಿಮರ್ಶಕರು ತಲೆದೂಗುತ್ತಾರೆ.

"ಎರಡು ನೆಟ್ ಹಾಕಿಸಿದ್ದೀನಿ, ಒಂದು ಹೋದ್ರೆ ಇನ್ನೊಂದು. ನಿಮ್ಮ ವಿಮರ್ಶಕರಿಗೆ ಹೇಳಿ."

ಗ) ಲೇಖಕನು ಮಧ್ಯೆ ಪ್ರವೇಶಿಸಿ ನಿರರ್ಗಳ ಐಸ್‌ಲ್ಯಾಂಡಿಕ್‌ನಲ್ಲಿ...

"ನೀವು ಆ ಮೂಲೆ ಸ್ಟೂಲ್ ಮೇಲೆ ಕೂತ್ಕೊಳ್ಳಿ."

೯

ಕೂತೆ. ಆರು ವಾರ ಮುಗಿದ ಭಾನುವಾರ, ಮೂರೂ ಹತ್ತು. ಕರೆ ಹೋಯಿತು. ಪರದೆಯಲ್ಲಿ ಮೊದಲು ತಂಗಿಯ ಗಂಡನ ಅಂಗಿಯ ಗುಂಡಿ, ಆಮೇಲೆ ಮೇಜಿನ ಮೇಲೆ ಗದ್ದ ಊರಿದ ಮಗು. ಹಲ್ಲಕ್ಕ ಕೈ ಬೀಸಲಿಲ್ಲ. ಫೋಟೊ ಎತ್ತಿ ಹಿಡಿದಳು. ಎರಡೂ ವಾಕ್ಯ ಹೇಳಿದಳು, ನಿಧಾನವಾಗಿ, 'ಎರ್' ಎರಡೂ ಕಡೆ ಹಾಕಿ.

ಮಗು ಗದ್ದ ಎತ್ತಿತು. ಫೋಟೊ ನೋಡಿತು, ದೊಡ್ಡಮ್ಮನ ಮುಖ ನೋಡಿತು, ಮತ್ತೆ ಫೋಟೊ. ಏನೋ ಕೇಳಿತು. ಉದ್ದದ ಮಾತು, ಅದರಲ್ಲಿ ಒಂದು ಪದ ಎರಡು ಸಲ. ಕೋರ್ಸಿನಲ್ಲಿ ಇಲ್ಲದ ಪದ. ಅಪ್ಪ ಇಂಗ್ಲಿಷಿನಲ್ಲಿ ಹೇಳಲು ಬಾಯಿ ತೆರೆದ. ಹಲ್ಲಕ್ಕ ಅಂಗೈ ಎತ್ತಿ ತಡೆದಳು. ಮಗುವನ್ನೇ ನೋಡಿ ಕೇಳಿದಳು: "ಕ್ವಾದ್ ಥೀದಿರ್ ಥಾದ್?"

ಹಾಗಂದರೆ ಏನು, ಅಂತ.

ಮಗು ಯೋಚಿಸಿತು. ಕುರ್ಚಿಯಿಂದ ಜಾರಿ ಇಳಿದು ಹೊರಟುಹೋಯಿತು. ಈಗ ಪರದೆಯಲ್ಲಿ ಖಾಲಿ ಕುರ್ಚಿ. ದೂರದಲ್ಲೆಲ್ಲೋ ಡ್ರಾಯರ್ ಎಳೆದ ಸದ್ದು, ಏನೇನೋ ನೆಲಕ್ಕೆ ಸುರಿದ ಸದ್ದು.

"ಏನಂತೆ ಆ ಪದ?" ನಾನು ಪಿಸುಗುಟ್ಟಿದೆ. "ಇಲ್ಲಿಗೆ ಮುಗಿಸಿಬಿಡ್ಲಾ? ಚೆನ್ನಾಗಿದೆ ಇದು, ಖಾಲಿ ಕುರ್ಚಿ..."

"ಮುಗಿಸೋಕೆ ನೀವ್ಯಾರ್ರೀ? ಆ ಪದ ಅಂದ್ರೆ ಏನೋ ಅದನ್ನೇ ತರೋಕೆ ಹೋಗಿದ್ದಾಳೆ. ಸುಮ್ನಿರಿ."

ಸುಮ್ಮನಿದ್ದೇನೆ. ಓದುಗರೇ, ನಿಮಗೆ ಬೇರೆ ಕೆಲಸವಿದ್ದರೆ ಹೊರಡಿ, ಬೇಸರವಿಲ್ಲ. ನಾವಿಬ್ಬರೂ ಇಲ್ಲೇ ಇದ್ದೇವೆ. ಎರಡನೆಯ ಡ್ರಾಯರ್ ತೆಗೆದ ಸದ್ದು ಈಗ ಬಂತು