ಯಾರು ಬೇಕಿತ್ತು?

ಬಾಗಿಲಿಗೆ ಬಂದವರನ್ನು ಲೋಕವೆಲ್ಲ ‘ಯಾರು ನೀವು?’ ಎಂದು ಕೇಳಿದರೆ, ನಮ್ಮ ಕಚೇರಿಯ ಟಪಾಲಣ್ಣ ಮಾತ್ರ ‘ಯಾರು ಬೇಕಿತ್ತು?’ ಎಂದೇ ಕೇಳುತ್ತಿದ್ದರು. ಹೊರಗಿನಿಂದ ಬರುವ ಇಮೇಲ್‌ಗಳನ್ನೆಲ್ಲ ಒಳಗೆ ಬಿಡುವ ಸರ್ವರ್ ಯಂತ್ರ ಅವರ ಸುಪರ್ದಿನಲ್ಲಿತ್ತು. ಆ ಹೆಸರು ಬಂದದ್ದು ಹಾಗೆ. ಯಂತ್ರಗಳಿಗಾಗಿ ಸದಾ ತಣ್ಣಗೆ ಕೊರೆಯುತ್ತಿದ್ದ ಆ ಕೋಣೆಯಲ್ಲಿ, ಮೊಣಕೈ ಸವೆದ ಕಂದು ಕೋಟು ತೊಟ್ಟು, ಎಡಕ್ಕೆ ತುಸು ವಾಲಿ, ಮಲಗಿದವರು ಎದ್ದಾರೆಂಬಂತೆ ಹೆಜ್ಜೆಯಿಡುತ್ತಿದ್ದ ಅವರ ನಡಿಗೆ ಇಂದಿಗೂ ನನ್ನ ಕಣ್ಣಿಗೆ ಕಟ್ಟಿದಂತಿದೆ.

ತಮ್ಮ ಪ್ರಶ್ನೆಯನ್ನೇ ಅವರು ಆ ಸರ್ವರ್‌ಗೂ ಕಲಿಸಿದ್ದರು. ಪತ್ರ ಬಂದೊಡನೆ ವಿಳಾಸದವರು ಇಲ್ಲಿದ್ದಾರೆಯೇ ಎಂದು ನೋಡಬೇಕು. ಇಲ್ಲದಿದ್ದರೆ ಹಾಗೆಂದು ತಿಳಿಸಿ ಅಲ್ಲಿಂದಲೇ ವಾಪಸು. ಕಳಿಸಿದವರು ಎಂಥವರು, ಒಳಗೇನಿದೆ ಎಂಬ ಜಾಲಾಟ ಆಮೇಲೆ. “ಮನೇಲಿ ಇಲ್ಲದೋರನ್ನ ಕೇಳ್ಕೊಂಡು ಬಂದೋರ ಚೀಲ ಯಾಕ್ರೀ ತಡಕ್ಬೇಕು?” ಎನ್ನುತ್ತಿದ್ದರು.

ಹೊಸ ಮೇಲಧಿಕಾರಿ ಇದನ್ನು ಒಪ್ಪಲಿಲ್ಲ. ಕಂಡಕಂಡ ಹೆಸರಿಗೆ ಪತ್ರ ಕಳಿಸಿ, ವಾಪಸು ಬಾರದವನ್ನೆಲ್ಲ ನಿಜವಾದ ವಿಳಾಸಗಳೆಂದು ಕಳ್ಳರು ಪಟ್ಟಿ ಮಾಡಿಕೊಳ್ಳುತ್ತಾರೆ ಎಂಬುದು ಅವರ ವಾದ. ಅದು ಸುಳ್ಳೂ ಆಗಿರಲಿಲ್ಲ. ಟಪಾಲಣ್ಣ ಒಲ್ಲದ ಮನಸ್ಸಿನಿಂದ ಕ್ರಮ ತಿರುಗಿಸಿದರು. ಕಳಿಸಿದವರ ಪರೀಕ್ಷೆ ಮೊದಲು, ವಿಳಾಸದವರ ವಿಚಾರಣೆ ಆಮೇಲೆ ಎಂದಾಯಿತು.

ತಿಂಗಳೊಳಗೆ ಒಂದು ಮಧ್ಯಾಹ್ನ ಸರ್ವರಿನ ದಾಖಲೆ ನೋಡುತ್ತಿದ್ದ ಟಪಾಲಣ್ಣನವರ ಮುಖ ಕಪ್ಪಿಟ್ಟಿತು. ನಿವೃತ್ತರಾಗಿದ್ದ ಸ್ಟೋರ್‌ಕೀಪರರ ಹಳೆಯ ವಿಳಾಸಕ್ಕೆ ಅವರ ತಂಗಿ ಮೂರು ಸಲ ಬರೆದಿದ್ದಳು. ಅಣ್ಣ ತಂಗಿಗೆ ಹನ್ನೊಂದು ವರ್ಷಗಳಿಂದ ಮಾತಿಲ್ಲವೆಂಬುದು ಕಚೇರಿಗೆಲ್ಲ ಗೊತ್ತಿತ್ತು. ಅವಳ ಪತ್ರ ಹೊರಟ ಸರ್ವರ್‌ಗೆ ಕಳ್ಳಪತ್ರಗಳ ತಾಣವೆಂಬ ಕೆಟ್ಟ ಹೆಸರಿದ್ದುದರಿಂದ, ‘ಅವರು ಈಗ ಇಲ್ಲಿಲ್ಲ’ ಎಂಬ ಉತ್ತರ ಹೋಗಬೇಕಾದಲ್ಲಿ ಮೂರು ಸಲವೂ ‘ನಿಮ್ಮ ಪತ್ರವನ್ನು ನಿರಾಕರಿಸಲಾಗಿದೆ’ ಎಂದು ಹೋಗಿತ್ತು.

“ನನ್ನ ಕೈಯಾರೆ ಮಾಡ್ದೆ,” ಎಂದವರೇ ಅವಳ ವಿಳಾಸವನ್ನು ಚೀಟಿಯಲ್ಲಿ ಬರೆದುಕೊಂಡು, ನನ್ನನ್ನೂ ಎಳೆದುಕೊಂಡು ಸ್ಟೋರ್‌ಕೀಪರರ ಮನೆಗೆ ನಡೆದರು. ಆತ ಕನ್ನಡಕ ತಂದು ಚೀಟಿಯನ್ನು ಎರಡೆರಡು ಸಲ ಓದಿದರು. ಕೊನೆಗೆ ಆ ವಿಳಾಸಕ್ಕೆ ತಮ್ಮ ಫೋನ್ ನಂಬರಷ್ಟನ್ನೇ ಇಮೇಲ್ ಮಾಡಿದರು. ನಾವಿನ್ನೂ ಹೊರಡಲು ಎದ್ದಿರಲಿಲ್ಲ, ಫೋನು ಬಂತು. ತಂಗಿಯ ಅಳುವ ದನಿ ನಮಗೂ ಕೇಳಿಸಿತು: “ನೀನೇ ಬೇಡ ಅಂದ್ಬಿಟ್ಟೆ ಅಂದ್ಕೊಂಡಿದ್ದೆ ಕಣಣ್ಣಾ!” ಟಪಾಲಣ್ಣ ಕೋಟಿನ ಗುಂಡಿ ಹಾಕಿ, ಬಿಚ್ಚಿ, ಮತ್ತೆ ಹಾಕಿಕೊಂಡರು.

ಮರುದಿನ ಹಳೆಯ ಕ್ರಮ ಮರಳಿತು. ಮೇಲಧಿಕಾರಿಗೆ, “ಸುಳ್ಳು ಹೆಸರು ಕೇಳ್ತಾನೇ ಇರೋರನ್ನ ಬಾಗಿಲಲ್ಲೇ ಕಾಯಿಸ್ತೀನಿ ಸಾರ್. ಇದು ಮಾತ್ರ ಹೀಗೇ ಇರ್ಲಿ, ಇಲ್ಲಾಂದ್ರೆ ನನ್ನನ್ನೇ ಕಳಿಸ್ಬಿಡಿ,” ಎಂದರಂತೆ. ಕಳಿಸಲಿಲ್ಲ.

ಈಗ ಆ ಕೋಣೆಯಿಲ್ಲ, ಅವರೂ ಇಲ್ಲ. ಎಲ್ಲಿಯಾದರೂ ಬಾಗಿಲಲ್ಲಿ ನಿಂತು ಗುರುತಿನ ಚೀಟಿ ತಡಕುವಾಗ ಅವರ ನೆನಪು ಬಲವಾಗಿ ಕಾಡುತ್ತದೆ. ಬಾಗಿಲು ಕಾಯುವವರಲ್ಲಿ ಬಂದವರನ್ನು ಅಳೆಯುವವರೇ ಬಹಳ, ಹುಡುಕಿ ಬಂದದ್ದು ಯಾರನ್ನೆಂದು ಕೇಳುವವರು ವಿರಳ. ಅಂಥವರು ‘ಇಲ್ಲ’ ಎಂದಾಗಲೂ ಮನುಷ್ಯ ಇನ್ನೊಂದು ಬಾಗಿಲು ತಟ್ಟುವ ಧೈರ್ಯವನ್ನು ಉಳಿಸಿಕೊಂಡೇ ಹಿಂದಿರುಗುತ್ತಾನೆ.