ಟ್ರಾಯ್ ಗುಡಿಗೆ ಓಡಿ ಬಂದವಳು

ಬೆಳಕು ಹರಿದರೂ ನನ್ನ ತಂಗಿ ಮಿರ್ಟೊ ಬರಲಿಲ್ಲ. ದೋಣಿ ಅವಳನ್ನು ದಡದಲ್ಲಿ ಇಳಿಸಿ ಆಗಲೇ ದೂರ ಸರಿದು ನಿಂತಿರಬೇಕು. ಅಲ್ಲಿಂದ ಟ್ರಾಯ್ ಗುಡ್ಡದ ಮೇಲಿನ ಈ ಅಥೀನಾದೇವಿಯ ಗುಡಿಗೆ ಓಡಿ ಬರುವವಳಿಗೆ ಇಷ್ಟು ಹೊತ್ತು ಬೇಕಿಲ್ಲ. ನಾನು ಅಂಗಳ ಗುಡಿಸುತ್ತಿದ್ದೆ. ಗುಡಿಸಿದ್ದನ್ನೇ ಮತ್ತೆ ಗುಡಿಸುತ್ತಿದ್ದೆ.

ಹಿಂದೆ ಈ ಊರು ಯುದ್ಧದಲ್ಲಿ ಬಿದ್ದ ದಿನ, ನಮ್ಮ ಲೋಕ್ರಿಸ್‌ನ ವೀರನೊಬ್ಬ ದೇವಿಯ ವಿಗ್ರಹವನ್ನು ತಬ್ಬಿಕೊಂಡಿದ್ದ ಹುಡುಗಿಯನ್ನು ಜುಟ್ಟು ಹಿಡಿದು ಎಳೆದ. ದೇವಿ ಮುನಿದಳು, ನಮ್ಮೂರಿಗೆ ಪಿಡುಗು ಬಡಿಯಿತು. ಅಂದಿನಿಂದ ವರ್ಷಕ್ಕೊಬ್ಬಳು ಹುಡುಗಿ ತಲೆ ಬೋಳಿಸಿಕೊಂಡು, ಬರಿಗಾಲಲ್ಲಿ, ಒಂದೇ ಬಟ್ಟೆಯಲ್ಲಿ ಇಲ್ಲಿಗೆ ಓಡಿಬರಬೇಕು. ದಾರಿಯಲ್ಲಿ ಸಿಕ್ಕರೆ ಇಲ್ಲಿಯ ಊರವರು ಕಲ್ಲು ಹೊಡೆದು ಕೊಲ್ಲಬಹುದು. ಬಲಿಪೀಠ ಮುಟ್ಟಿದರೆ ಬದುಕಿದಳು. ಪೂಜಾರಿಣಿ ಕಹಳೆ ಊದುತ್ತಾಳೆ, ಬೇಟೆ ನಿಲ್ಲುತ್ತದೆ. ಆಮೇಲೆ ವರ್ಷವಿಡೀ ಅದೇ ಬೋಳುತಲೆಯಲ್ಲಿ, ಅದೇ ಒಂದು ಬಟ್ಟೆಯಲ್ಲಿ ಗುಡಿಯ ಚಾಕರಿ. ಹೊಸಬಳು ಬಂದ ದಿನ ಹಳಬಳಿಗೆ ಬಿಡುಗಡೆ, ಅದೇ ದೋಣಿಯಲ್ಲಿ ಮನೆಗೆ.

ಆ ವೀರನ ಮೇಲೆ ನಮ್ಮೂರಲ್ಲಿ ಈಗಲೂ ಹಾಡು ಕಟ್ಟುತ್ತಾರೆ. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರಲ್ಲ, ನಮ್ಮಲ್ಲಿ ಮಾಡಿದವನು ಮಹಾರಾಯ, ಉಣ್ಣುವವರು ಹುಡುಗಿಯರು. ಈ ವರ್ಷದ ಹಳಬಳು ನಾನು. ಹೊಸಬಳು ಮಿರ್ಟೊ.

ಗುಡಿಗೆ ದೀಪದೆಣ್ಣೆ ತರುವ ಫೊರ್ಬಸ್ ಬಂದ.

"ಏನಮ್ಮಾ ನಿಕಾರೆಟಾ, ನೆಲ ಸವೆದುಹೋಗುತ್ತೆ ಕಣೇ! ಇವತ್ತು ಮನೆಗೆ ಹೋಗೋಳು, ಮುಖ ಯಾಕೆ ಹೀಗೆ ಹಾಕ್ಕೊಂಡಿದ್ದೀಯ?"

"ಮಡಿಲಲ್ಲೇನು ಫೊರ್ಬಸಣ್ಣಾ?"

"ಕಲ್ಲು. ಮತ್ತೇನು ಹೂವು ತರ್ತಾರಾ? ಹೊಳೆ ಹತ್ರ ಜೊಂಡಿನಲ್ಲಿ ಹೆಜ್ಜೆ ಸಿಕ್ಕಿದೆಯಂತೆ. ಒಂದು ಕಾಲು ಎಳ್ಕೊಂಡು ಹೋದ ಹಾಗಿದೆಯಂತೆ. ಪಾಪ, ಬೇಗ ಮುಗಿಯುತ್ತೆ ಬಿಡು."

ವರ್ಷವೆಲ್ಲ ನನಗೆ ಅಂಜೂರ ತಂದುಕೊಟ್ಟ ಮನುಷ್ಯ. ಕೆಟ್ಟವನೇನಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ಅವನು ಇಳಿದುಹೋದ ಮೇಲೆ ಪೌಳಿಯ ಗೋಡೆಗೆ ಆತುಕೊಂಡು ಕೆಳಗೆ ನೋಡಿದೆ. ಗಂಡಸರು ಸಾಲಾಗಿ ಜೊಂಡನ್ನು ಕೋಲಿನಿಂದ ಬಡಿಯುತ್ತ ಬರುತ್ತಿದ್ದರು. ಸಾಲಿಗೂ ನೀರಿಗೂ ನಡುವೆ ಉಳಿದಿದ್ದು ಒಂದು ತುಂಡು ಜೊಂಡು. ಅದರೊಳಗೇ ನನ್ನ ತಂಗಿ ಉಸಿರು ಬಿಗಿಹಿಡಿದು ಕೂತಿರಬೇಕು.

ಕಹಳೆ ಮೊಳಗುವ ಮೊದಲು ಪೌಳಿ ದಾಟಿದರೆ ನನಗೂ ಕಲ್ಲೇ ಗತಿ. ಯೋಚಿಸುತ್ತ ನಿಂತಿದ್ದರೆ ಕಾಲೇಳುತ್ತಿರಲಿಲ್ಲ. ಹಿಂದಿನ ಗೋಡೆ ಹಾರಿದೆ. ಆಲಿವ್ ಮರಗಳ ಮರೆಯಲ್ಲಿ ಇಳಿದು, ಮುಖಕ್ಕೆ ಕೆಸರು ಬಳಿದುಕೊಂಡು, ಅವರ ಬೆನ್ನ ಹಿಂದಿನ ಬಯಲಿಗೆ ಬಂದು ಬೇಕೆಂದೇ ಕೂಗಿದೆ.

"ಅಗೋ! ಅಲ್ಲಿದ್ದಾಳೆ! ಹಿಡೀರೋ!" ಸಾಲಿನಲ್ಲೊಬ್ಬ ಅರಚಿದ.

ಸಾಲು ತಿರುಗಿತು. ನಾನು ಗುಡ್ಡದ ಕಡೆ ಓಡಿದೆ. ಕಿವಿಯ ಪಕ್ಕ ಕಲ್ಲುಗಳು ಸುಯ್ ಎಂದವು. ಒಂದು ಭುಜಕ್ಕೆ ಬಡಿದು ಕಣ್ಣು ಕತ್ತಲಿಟ್ಟಿತು. "ಹೊಡಿ, ಕಾಲಿಗೆ ಹೊಡಿ!" ಎಂದು ಕೂಗುತ್ತಿದ್ದುದು ಫೊರ್ಬಸ್‌ನದೇ ದನಿ. ಬಿದ್ದೆ, ಎದ್ದೆ, ಮೆಟ್ಟಿಲುಗಳನ್ನು ಕೈಕಾಲೂರಿ ಏರಿ ಬಲಿಪೀಠದ ಮೇಲೆ ಕುಸಿದೆ.

ಮುದುಕಿ ಪೂಜಾರಿಣಿ ಆರ್ಕಿಪ್ಪೆ ಕಹಳೆ ಹಿಡಿದು ನಿಂತಿದ್ದಳು. ಯುದ್ಧದಲ್ಲಿ ನಮ್ಮವರ ಕೈಯಲ್ಲಿ ಮಕ್ಕಳನ್ನೆಲ್ಲ ಕಳೆದುಕೊಂಡವಳು. ಬಾಗಿ ನನ್ನ ಅಂಗೈ ಬಿಡಿಸಿ ನೋಡಿದಳು.

"ಈಗ ತಾನೇ ದೋಣಿ ಇಳಿದು ಬಂದೋಳ ಕೈಯಲ್ಲಿ ಪೊರಕೆಯ ಜಡ್ಡು ಎಲ್ಲಿಂದ ಬಂತೇ?" ಪಿಸುದನಿಯಲ್ಲಿ ಕೇಳಿದಳು.

ನಾನು ಅಂಗೈ ಮುಚ್ಚಿಕೊಂಡೆ. ಕೆಳಗೆ ಗಂಡಸರು ಕಹಳೆಗಾಗಿ ಕಾಯುತ್ತಿದ್ದರು, ಕಲ್ಲುಗಳು ಇನ್ನೂ ಕೈಯಲ್ಲೇ ಇದ್ದವು.

"ಇವತ್ತು ಬಂದೋಳು ಅಂದ್ರೆ ಇವತ್ತು ಬಂದೋಳು," ಅಂದಳು ಮುದುಕಿ. "ಇನ್ನೊಂದು ವರ್ಷ ಇಲ್ಲೇ. ದೇವಿ ಮುಂದೆ ಎರಡು ಮಾತಿಲ್ಲ. ಹೇಳು, ಯಾರು ನೀನು?"

ಇದನ್ನು ನಾನು ಯೋಚಿಸಿರಲೇ ಇಲ್ಲ. ಅಮ್ಮನ ಒಲೆ, ನಮ್ಮ ಬಾವಿಯ ನೀರು, ಬೆಳೆಯುವ ಕೂದಲು, ಎಲ್ಲ ಒಮ್ಮೆಲೇ ಕಣ್ಣ ಮುಂದೆ ಬಂದವು. ಅವೆಲ್ಲ ಇನ್ನು ಮಿರ್ಟೊಗೆ ಎಂದು ಹೊಟ್ಟೆಕಿಚ್ಚೂ ಆಯಿತು, ಸುಳ್ಳು ಯಾಕೆ ಹೇಳಲಿ.

"ಇವತ್ತು ಬಂದೋಳು," ಅಂದೆ.

ಕಹಳೆ ಮೊಳಗಿತು. ಗಂಡಸರು ಕಲ್ಲು ಬಿಸುಟು, ಒಬ್ಬರ ಬೆನ್ನು ಒಬ್ಬರು ತಟ್ಟುತ್ತ ಮೆಟ್ಟಿಲ ಬಳಿ ಬಂದು ನಿಂತರು. ಸ್ವಲ್ಪ ಹೊತ್ತಿಗೆ ಮಿರ್ಟೊ ಕುಂಟುತ್ತ ಏರಿ ಬಂದಳು. ಯಾರೂ ಮಾತಾಡುವ ಮೊದಲೇ ಆರ್ಕಿಪ್ಪೆ ಗದರಿದಳು. "ಕಹಳೆ ಊದಿದ್ದೇ ತಡ ಹೊಳೆಗೆ ಹೋಗಿ ಮಿಂದಿದ್ದು ಸಾಕಾಯ್ತೇನೇ? ನಿನ್ನ ವರ್ಷ ಮುಗೀತು. ದೋಣಿ ಕಾಯ್ತಿದೆ, ಹೊರಡು." ಹಳಬಳಿಗೆಂದು ತೆಗೆದಿಟ್ಟಿದ್ದ ಹೊದಿಕೆಯನ್ನು ಅವಳ ಮುಖದ ಮೇಲೆ ಎಳೆದಳು.

ಮಿರ್ಟೊ ನನ್ನನ್ನೇ ನೋಡಿದಳು. ಅವಳ ತುಟಿ ತೆರೆಯಿತು. "ಅ..." ಎಂದಿತು.

ನಾನು ಥಟ್ಟನೆ ಮುಂದೆ ಹೋಗಿ, ಕಿರಿಯಳಂತೆ ಅವಳ ಕಾಲು ಮುಟ್ಟಿದೆ.

"ಹುಷಾರಾಗಿ ಹೋಗು ಅಕ್ಕಾ," ಅಂದೆ. "ಅಮ್ಮ ಕಾಯ್ತಿರ್ತಾಳೆ."