ಬೀಸುವವರೆಲ್ಲರ ಪದ

ಅವ್ವ ಜಿಜಾಬಾಯಿ ತೀರಿಕೊಂಡ ಮೇಲೆ ಮಚ್ಛೇಂದ್ರನಿಗೆ ಉಳಿದದ್ದು ಅವಳ ದನಿಯೊಂದೇ. ಬೀಸುಕಲ್ಲಿನ ಮುಂದೆ ಅವಳು ಹಾಡಿದ ಪದವನ್ನು ಮೊಬೈಲಿನಲ್ಲಿ ಹಿಡಿದು ಇಂಟರ್‌ನೆಟ್ಟಿಗೆ ಹಾಕಿದ್ದ. ಮಳೆ ಕೈಕೊಟ್ಟು ಖಟಕ ಚಿಂಚೋಳಿಯ ಅರ್ಧ ಊರೇ ಪುಣೆಗೆ ದುಡಿಯಲು ಹೋಗಿತ್ತು. ಅಲ್ಲಿ ಇಟ್ಟಿಗೆ ಹೊರುವ ತಂಗಿ ಶಾಲುಬಾಯಿ ದಿನವೂ ಅದನ್ನು ಕೇಳಿಯೇ ಮಲಗುತ್ತಿದ್ದಳು. ನೀರಿನ ಟ್ಯಾಂಕರಿನ ನೂಕುನುಗ್ಗಲಿನಲ್ಲಿ ಮೊಬೈಲು ಬಿದ್ದು ಚೂರಾದಾಗಲೂ, ಇಂಟರ್‌ನೆಟ್ಟಿನಲ್ಲಿ ಪದವಂತೂ ಭದ್ರವಾಗಿದೆಯಲ್ಲ ಎಂದು ಅವನು ಸುಮ್ಮನಾಗಿದ್ದ.

ಒಂದು ದಿನ ಆ ಪದ ಇಂಟರ್‌ನೆಟ್ಟಿನಿಂದ ಮಾಯವಾಯಿತು. ಕ್ಯಾಸೆಟ್ ಕಂಪನಿಯೊಂದು ಹಿಂದೆ ಅದೇ ಪದವನ್ನು ಬೇರೆಯವರಿಂದ ಹಾಡಿಸಿ, ಬಾಜಾಬಜಂತ್ರಿ ಸೇರಿಸಿ ಭಾಲ್ಕಿ, ಔರಾದದ ಸಂತೆಗಳಲ್ಲಿ ಮಾರಿತ್ತಂತೆ. ಕಾಪಿರೈಟ್ ತನ್ನದೆಂದು ದೂರು ಕೊಟ್ಟಿತ್ತು. ಎತ್ತಿಕೊಂಡು ಹೋದವರೇ ಕಳ್ಳತನದ ದೂರು ಕೊಡುವ ಕಾಲ ಇದು. ಬೀದರ ಪಕ್ಕದ ಕೊಳಾರದ ಗೋದಾಮಿನಲ್ಲಿ ಮೂಟೆ ಇಳಿಸುತ್ತಿದ್ದ ಮಚ್ಛೇಂದ್ರನಿಗೆ ಸಿಟ್ಟು ಕೂಡ ಬರಲಿಲ್ಲ. ಮನಸ್ಸು ಮರಗಟ್ಟಿತ್ತು.

ಬೀದರಿನ ವಕೀಲ ಮುನೀರೋದ್ದೀನ ಇಂಥ ಕಾನೂನಿನ ವಿರುದ್ಧ ಓಡಾಡುವ ಮನುಷ್ಯ. ಮೊದಲು ಕೂಗಿದವನ ಮಾತು ಕೇಳಿ ಇಂಟರ್‌ನೆಟ್ಟಿನವರು ತೆಗೆದುಬಿಡುತ್ತಾರೆ, ಕಳಕೊಂಡವನು ಕೆಲವೇ ದಿನಗಳಲ್ಲಿ ರುಜುವಾತು ಮಾಡಬೇಕು, ಇಲ್ಲದಿದ್ದರೆ ಪೂರ್ತಿ ಅಳಿಸಿಹಾಕುತ್ತಾರೆ ಎಂದು ಅವರು ತಿಳಿಸಿದರು. ಹಾಡಿದವರ ದನಿಗೂ ಹಕ್ಕಿದೆ ಎಂದು ಧೈರ್ಯ ಹೇಳಿ, ಕಂಪನಿಯವನ ಜೊತೆ ಫೋನಿನಲ್ಲಿ ಮಾತು ಗೊತ್ತುಮಾಡಿದರು. ಸಾಕ್ಷಿಗೆ ಬಂದವಳು ಜಿಜಾಬಾಯಿಯ ತಂಗಿ, ಮಚ್ಛೇಂದ್ರನ ಚಿಗವ್ವ ಶೇವಂತಾಬಾಯಿ. ಅಕ್ಕನೆದುರು ಕೂತು ಬೀಸಿದವಳು. ದನಿ ನಮ್ಮದು ಎಂದಷ್ಟೇ ಹೇಳಿ ಎಂದು ವಕೀಲರು ಎರಡು ಸಲ ಹೇಳಿಕೊಟ್ಟರು.

ಕಂಪನಿಯವನು ದನಿಯ ಸುದ್ದಿಯನ್ನೇ ಎತ್ತಲಿಲ್ಲ. ಪದ ಯಾರದು ಎಂದು ಕೇಳಿದ. ಬೀಸುವ ಪದವನ್ನು ನನ್ನದು ಎನ್ನುವ ಹೆಂಗಸು ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ಕಲ್ಲಿನ ಮುಂದೆ ಕೂತವಳು ತನ್ನದೊಂದು ನುಡಿ ಕೂಡಿಸುತ್ತಾಳೆ, ಹಿಟ್ಟು ಬಳಕೊಂಡು ಏಳುತ್ತಾಳೆ. ಶೇವಂತಾಬಾಯಿ ಸೆರಗು ಸರಿಮಾಡಿಕೊಂಡಳು.

“ನಂದ್ಯಾಕ ಆಗ್ತದರಿ? ನಮ್ಮಕ್ಕಂದೂ ಅಲ್ರಿ. ಬೀಸೋರೆಲ್ಲಾರದೂ ಅದರಿ.”

ಹಾಗಾದರೆ ನಿಮ್ಮ ತಕರಾರೇನೂ ಇಲ್ಲ ಎಂದು ಬರೆದುಕೊಳ್ಳುತ್ತೇನೆ ಎಂದು ಅವನು ಫೋನಿಟ್ಟ.

ವಕೀಲರು ಹಣೆ ಒತ್ತಿಕೊಂಡರು. ಎಲ್ಲರದು ಎಂದಮೇಲೆ ಕಂಪನಿಯದು ಹೇಗಾಯಿತು ಎಂದು ಕೋರ್ಟಿನಲ್ಲಿ ಕೇಳಬಹುದಿತ್ತು. ಆದರೆ ತೀರ್ಪು ಬರುವಷ್ಟರಲ್ಲಿ ಅವ್ವನ ದನಿಯನ್ನು ಅಳಿಸಿರುತ್ತಾರೆ. ನಾನು ಸರಿ ಹೇಳಿದೆನೇನೋ ಎಂದು ಚಿಗವ್ವ ಮಚ್ಛೇಂದ್ರನ ಮುಖ ನೋಡಿದಳು.

“ಖರೇನ ಹೇಳಿದಿ, ಚಿಗವ್ವಾ,” ಎಂದ.

ಅವ್ವನ ಪದ ಎಲ್ಲಿ ಹೋಯಿತು ಎಂದು ಪುಣೆಯಿಂದ ತಂಗಿ ಕೇಳುತ್ತಲೇ ಇದ್ದಳು. ಅಷ್ಟರಲ್ಲಿ ಅದನ್ನು ಅಳಿಸಿಹಾಕಿದ್ದರು. ಬೇರೇನೂ ಇಲ್ಲದೆ, ಮಚ್ಛೇಂದ್ರ ಕಂಪನಿಯ ಹಾಡನ್ನೇ ಅವಳಿಗೆ ಕಳಿಸಿದ. ಪೂರ್ತಿ ಕೇಳಿ ಅವಳು ಫೋನು ಮಾಡಿದಳು.

“ಪದಾ ಅದೇ ಅದ, ಅಣ್ಣಾ. ಇದ್ರಾಗ ಅವ್ವ ಎಲ್ಲಿದ್ದಾಳ?”